ಎರಡರಿಂದ ನಾಲ್ಕರವರೆಗೆ

ತಾರೀಖು ಹನ್ನೊಂದು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಫೋನಿನಲ್ಲಾದರೆ ಮಾತಿಗೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ ಎಂದಿದ್ದೀಯ. ಒಳ್ಳೆಯದೇ ಆಯಿತು. ಅಮ್ಮ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಒಂದು ಮಾತನ್ನೂ ಪೂರ್ತಿ ಮುಗಿಸಿಲ್ಲ.

ಅಮ್ಮನ ಹೊಲಿಗೆ ಮಷೀನು ನಿನಗೆ ಬೇಕು ಎಂದು ಕೇಳಿದ್ದೀಯ. ಹೊಲಿಯುವವಳು ನೀನು, ನಾನಲ್ಲ. ನಿನ್ನ ಮಾತು ನ್ಯಾಯವಾಗಿದೆ. ಕೊನೆಗೆ, "ಹತ್ತು ಕಾರಣ ಬೇಡ, ಅದರಲ್ಲಿ ನಿನಗೆ ಇಷ್ಟವಾಗಿದ್ದು ಏನು ಅಂತ ಒಂದೇ ಒಂದು ಹೇಳು, ನಾನು ಬಾಯಿ ಮುಚ್ಕೋತೀನಿ" ಎಂದೂ ಬರೆದಿದ್ದೀಯ. ಒಂಬತ್ತು ದಿನವೂ ಆ ಒಂದಕ್ಕಾಗಿಯೇ ಹೋಯಿತು.

ಮೊದಲು ಇಲ್ಲಿಯ ಸುದ್ದಿ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಏಳಕ್ಕೆ ಲಾಂಡ್ರಿಗೆ ಹೋಗುತ್ತೇನೆ, ಬಂದ ಬಟ್ಟೆಗಳಿಗೆ ನಂಬರಿನ ಚೀಟಿ ಪಿನ್ನು ಮಾಡುತ್ತೇನೆ, ಒಂದೂವರೆಗೆ ಮನೆಗೆ ಬರುತ್ತೇನೆ. ಊಟ ಮಾಡಿ ಎರಡಕ್ಕೆ ಮಲಗುತ್ತೇನೆ. ನಿದ್ದೆ ಬರುವುದಿಲ್ಲ. ನಾಲ್ಕಕ್ಕೆ ಎದ್ದು ಚಹಾ ಮಾಡುತ್ತೇನೆ. ಮೊನ್ನೆಯವರೆಗೂ ಎರಡು ಲೋಟ ಮಾಡಿ, ಎರಡನ್ನೂ ನಾನೇ ಕುಡಿಯುತ್ತಿದ್ದೆ. ಈಗ ಒಂದೇ ಲೋಟದ ಅಳತೆ ಕೈಗೆ ಬಂದಿದೆ. ಅಳು ಬಂದಿಲ್ಲ. ಬಂದೇ ಬರುತ್ತೆ, ಕಾಯಿ ಎನ್ನುತ್ತಾರೆ ಎಲ್ಲರೂ, ತಡವಾದ ಬಸ್ಸಿನ ಬಗ್ಗೆ ಹೇಳಿದ ಹಾಗೆ. ಲಾಂಡ್ರಿಯ ಯಜಮಾನರು ಮಾತ್ರ, "ನಿನ್ನ ಮುಖ ಇಸ್ತ್ರಿ ಮಾಡಿಟ್ಟ ಹಾಗಿದೆ ಕಣಮ್ಮ, ಒಂದು ಗೆರೇನೂ ಇಲ್ಲ" ಎಂದರು. ನಗಿಸಲು ಹೇಳಿದ್ದು. ನಾನು ನಕ್ಕೆ.

ಇನ್ನು ಮಷೀನಿನ ವಿಷಯ. ನಿನ್ನ ಕರೆಂಟಿನ ಮಷೀನಿನಲ್ಲಿ ನಿನಗೇನು ಇಷ್ಟ ಎಂದು ನನಗೆ ಗೊತ್ತು. ಸೂಜಿಯ ಪಕ್ಕ ದೀಪ ಉರಿಯುತ್ತದೆ, ಗುಂಡಿ ಒತ್ತಿದರೆ ತಾನೇ ಹಿಂದಕ್ಕೂ ಹೊಲಿಯುತ್ತದೆ, ಸದ್ದಿಲ್ಲ. ಅದನ್ನು ಕೊಂಡ ವರ್ಷ ನೀನು ಅಮ್ಮನಿಗೆ ತೋರಿಸಲು ಹೊತ್ತು ತಂದಿದ್ದೆ. ಅಮ್ಮ ಒಂದು ಸಲ ಒತ್ತಿ ನೋಡಿ ಕೈ ತೆಗೆದಳು. "ಇದು ನಿನ್ನ ಹಾಗೇ ಕಣೆ ದೊಡ್ಡೋಳೆ. ಒತ್ತೋದೇ ತಡ, ಮನೆ ಬಿಟ್ಟು ಓಡುತ್ತೆ" ಎಂದಳು. ಭಾವ ನಕ್ಕಿದ್ದಕ್ಕೆ ನೀನು ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ.

ಅಮ್ಮನಿಗೆ ತನ್ನದರಲ್ಲಿ ಏನು ಇಷ್ಟ ಎಂದು ರಿಪೇರಿಯವನು ಒಮ್ಮೆ ಕೇಳಿದ್ದ. ನಾವು ಮಷೀನ್ ಡಾಕ್ಟರ್ ಎನ್ನುತ್ತಿದ್ದೆವಲ್ಲ, ಅವನೇ. ಬೆಲ್ಟು ಬದಲಾಯಿಸುತ್ತ, "ಇನ್ನೂ ಎಷ್ಟು ವರ್ಷ ಈ ಅಜ್ಜೀನ ತುಳೀತೀರಿ, ಹೊಸದು ತಗೊಳ್ಳಿ" ಎಂದ. ಅಮ್ಮ ಹೇಳಿದಳು: "ನಾನು ತುಳಿದಷ್ಟೇ ಓಡುತ್ತೆ, ನಿಲ್ಲಿಸಿದ ಕಡೆ ನಿಲ್ಲುತ್ತೆ. ಹೆತ್ತ ಮಕ್ಕಳಲ್ಲೂ ಆ ಗುಣ ಇಲ್ಲಪ್ಪ." ಅವನು ನನ್ನ ಕಡೆ ನೋಡಿದ. ನಾನು ಅವನಿಗೆ ಎಣ್ಣೆ ಡಬ್ಬಿ ಕೊಟ್ಟೆ.

ಮೊಮ್ಮಗಳು ಗುಬ್ಬಿಗೆ ಅಮ್ಮ ಹೊಲಿದು ಕಳಿಸಿದ ನೀಲಿ ಫ್ರಾಕಿನ ಬಗ್ಗೆ ನೀನು ಒಂದು ಪುಟ ಬರೆದಿದ್ದೀಯ. ಕಣ್ಣು ಪೂರ್ತಿ ಹೋದ ಮೇಲೂ ಅಮ್ಮನ ಹೊಲಿಗೆ ಒಂದು ಕೂದಲಷ್ಟೂ ಆಚೀಚೆ ಆಗಿಲ್ಲ ಎಂದು. ಎಡ ತೋಳು ಕೂಡುವ ಕಡೆ ಒಂದು ಸಣ್ಣ ಸುಕ್ಕಿದೆ, ಅದು ಅಮ್ಮನ ಕೈಯೇ, ನೂರು ಬಟ್ಟೆ ಮುಂದಿಟ್ಟರೂ ಗುರುತು ಹಿಡಿಯುತ್ತೇನೆ ಎಂದು. ಆ ಸುಕ್ಕಿನ ಮೇಲೆ ಬೆರಳಾಡಿಸುತ್ತ ಅತ್ತುಬಿಟ್ಟೆ ಎಂದೂ ಬರೆದಿದ್ದೀಯ. ಅದಕ್ಕಾಗಿಯೇ ಆ ಮಷೀನು ನಿನಗೆ ಬೇಕು.

ಅಕ್ಕ, ಆ ಸುಕ್ಕು ನನ್ನದು.

ಮೊದಲಿನಿಂದ ಹೇಳುತ್ತೇನೆ. ಅಮ್ಮನಿಗೆ ಬೆಳಕಿನ ಗುರುತೂ ಸಿಗದಂತಾದ ಮೇಲೂ ಅವಳು ಮಷೀನು ಬಿಡಲಿಲ್ಲ. ಊಟವಾದ ಮೇಲೆ ಗೋಡೆ ಹಿಡಿದು ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಹಳೆಯ ಹೊದಿಕೆಯ ತುಂಡುಗಳನ್ನು ಜೋಡಿಸಿ ಗುಂಡುಸೂಜಿ ಚುಚ್ಚಿಕೊಟ್ಟರೆ ಸಾಕು, ಅಂಚನ್ನು ಬೆರಳಲ್ಲಿ ಸವರುತ್ತ ಹೊಲಿಯುತ್ತಿದ್ದಳು. ದಿಂಬಿನ ಚೀಲ, ಕೈ ಒರೆಸುವ ಬಟ್ಟೆ, ಏನೋ ಒಂದು. ಆದರೆ ದಾರ ಹರಿಯುತ್ತಿತ್ತು. ಸೂಜಿಗೆ ಪೋಣಿಸಲು ಅವಳಿಂದ ಆಗದು. "ಚಿಕ್ಕೋಳೆ, ದಾರ" ಎನ್ನುತ್ತಿದ್ದಳು. ನಾನು ಎದ್ದು ಪೋಣಿಸಿ ಬಂದು ಮಲಗುತ್ತಿದ್ದೆ. ಹತ್ತು ನಿಮಿಷಕ್ಕೆ ಮತ್ತೆ, "ಚಿಕ್ಕೋಳೆ, ಬಾಬಿನ್ನು." ರಾತ್ರಿ ಅವಳನ್ನು ಮೂರು ನಾಲ್ಕು ಸಲ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಬೇಕಿತ್ತು, ನಿನಗೆ ಗೊತ್ತು. ಎರಡರಿಂದ ನಾಲ್ಕರವರೆಗೆ ಬಿಟ್ಟರೆ ನನಗೆ ನಿದ್ದೆಯೇ ಇರಲಿಲ್ಲ. ಲಾಂಡ್ರಿಯಲ್ಲಿ ಒಂದೇ ನಂಬರನ್ನು ಇಬ್ಬರ ಅಂಗಿಗೆ ಹಾಕಿ ಬೈಸಿಕೊಂಡೆ.

ಒಂದು ದಿನ ಸೂಜಿಯಿಂದ ದಾರ ಎಳೆದುಬಿಟ್ಟೆ. ಕೆಳಗಿನ ದಾರ ಸುತ್ತಿದ ಬಾಬಿನ್ನನ್ನೂ ತೆಗೆದು ಡ್ರಾಯರಿಗೆ ಹಾಕಿದೆ. ಬಟ್ಟೆ ಕೊಟ್ಟು, "ದಾರ ಹಾಕಿದೀನಮ್ಮ, ಹೊಲಿ" ಎಂದೆ.

ನೀನು ಎಂದಾದರೂ ಕೇಳಿದರೆ ಹೇಳೋಣವೆಂದು ಒಂದು ಕಾರಣ ಸಿದ್ಧ ಮಾಡಿಟ್ಟುಕೊಂಡಿದ್ದೆ: ಅಮ್ಮನ ಬೆರಳಿಗೆ ಸೂಜಿ ಚುಚ್ಚಿತ್ತು, ಭಯವಾಗಿ ತೆಗೆದೆ ಎಂದು. ದಾರವಿಲ್ಲದ ಸೂಜಿಯೂ ಚುಚ್ಚುತ್ತದೆ. ನೀನು ಒಂದೇ ಮಾತಿಗೆ ನನ್ನನ್ನು ಹಿಡಿಯುತ್ತಿದ್ದೆ. ನಿಜವಾದ ಕಾರಣ ನನಗೆ ನಿದ್ದೆ ಬೇಕಾಗಿತ್ತು.

ಅಮ್ಮ ಹೊಲಿದಳು. ಆ ದಿನ, ಮರುದಿನ, ಹದಿನಾಲ್ಕು ತಿಂಗಳು. ಪೆಡಲಿನ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು, ತುಳಿದು ತುಳಿದು ನಿಂತು ಮತ್ತೆ ತುಳಿದು. ಆ ಸದ್ದಿನಲ್ಲಿ ನಾನು ಕಲ್ಲಿನ ಹಾಗೆ ಮಲಗುತ್ತಿದ್ದೆ. ನಾಲ್ಕಕ್ಕೆ ಚಹಾ ತೆಗೆದುಕೊಂಡು ಹೋಗುವ ಹೊತ್ತಿಗೆ ಅವಳು ಕೊನೆಯ ಸಾಲು ಮುಗಿಸಿ, ಕತ್ತರಿ ತೆಗೆದು, ಇಲ್ಲದ ದಾರವನ್ನು ಬಟ್ಟೆಯ ಅಂಚಿನಲ್ಲಿ ಕತ್ತರಿಸಿ, ಮಡಿಸಿ ಕೊಡುತ್ತಿದ್ದಳು. "ಚೆನ್ನಾಗಿದೆ" ಎನ್ನುತ್ತಿದ್ದೆ. ಒಳಗೆ ಹೋಗಿ ಗುಂಡುಸೂಜಿ ತೆಗೆದರೆ ತುಂಡುಗಳು ಬೇರೆ ಬೇರೆ. ಮುಂದಿನ ವಾರ ಅವನ್ನೇ ಮತ್ತೆ ಜೋಡಿಸಿ ಕೊಡುತ್ತಿದ್ದೆ. ಕೆಲವು ತುಂಡುಗಳು ತೂತು ಬಿದ್ದು ಬಿದ್ದು ಜರಡಿಯಾಗಿದ್ದವು. ಒಮ್ಮೆ ಅಮ್ಮ ಅಂಥದೊಂದನ್ನು ಸವರಿ, "ಹೊಸ ಬಟ್ಟೇನಾ ಇದು?" ಎಂದಳು. ಹೌದು ಎಂದೆ. "ಮೆತ್ತಗಿದೆ" ಎಂದಳು.

ಗುಬ್ಬಿಯ ಹುಟ್ಟುಹಬ್ಬಕ್ಕೆ ಫ್ರಾಕು ಹೊಲಿಯುತ್ತೇನೆ ಎಂದು ಹಟ ಹಿಡಿದಳು. ನಿನ್ನ ಚಿಕ್ಕಂದಿನ ಅಳತೆಯ ಕಾಗದ ಪೆಟ್ಟಿಗೆಯಲ್ಲಿತ್ತು. ಕತ್ತರಿಸಿದ್ದು ನಾನು, ಜೋಡಿಸಿದ್ದು ಅವಳು. ಹನ್ನೊಂದು ಮಧ್ಯಾಹ್ನ ತೆಗೆದುಕೊಂಡಳು. ಮುಗಿಸಿ ನನ್ನ ಕೈಗಿಟ್ಟು, "ಕಳಿಸೋ ಮುಂಚೆ ಒಂದ್ಸಲ ನಿನ್ನ ಕೈ ಆಡಿಸಿಬಿಡು" ಎಂದಳು. ಇಸ್ತ್ರಿ ಮಾಡು ಎನ್ನುತ್ತಿದ್ದಾಳೆ ಎಂದುಕೊಂಡೆ.

ಕಿಟಕಿಯ ಬಳಿ ಹಿಡಿದು ನೋಡಿದೆ. ನೀಲಿ ಬಟ್ಟೆಯ ತುಂಬ ಸೂಜಿಯ ತೂತುಗಳು, ಬೆಳಕು ಬರುತ್ತಿತ್ತು. ಒಂದು ಸಾಲೂ ಸೊಟ್ಟಗಿರಲಿಲ್ಲ. ಹಾಗೇ ಕಳಿಸುವಂತಿರಲಿಲ್ಲ, ಅಂಗಡಿಯಿಂದ ಬೇರೆ ತಂದು ಕಳಿಸಲು ಕೈ ಬರಲಿಲ್ಲ. ಮರುದಿನ ಲಾಂಡ್ರಿಗೆ ರಜೆ, ಬೆಳಿಗ್ಗೆ ಅಮ್ಮನ ಸ್ನಾನವಾಗಿ ಅವಳು ಮಲಗಿದ ಮೇಲೆ ದಾರ ಹಾಕಿ ಕೂತೆ. ಅವಳ ತೂತುಗಳ ಮೇಲೇ ಹೊಲಿದೆ. ಮೊದಮೊದಲು ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದೊಂದು ತೂತಿಗೂ ಸೂಜಿ ಇಳಿಸಿದೆ, ಆಮೇಲೆ ಸಾಲು ಹಿಡಿದು ನಡೆದೆ. ನಡುವೆ ಒಳಗಿನಿಂದ ಅಮ್ಮ, "ಯಾರೇ ಅದು ಮಷೀನ್ ಮೇಲೆ?" ಎಂದು ಕೂಗಿದಳು. "ನಾನೇ. ಎಣ್ಣೆ ಹಾಕಿದೀನಿ, ಓಡಿಸ್ತಿದೀನಿ" ಎಂದೆ. "ಓಡಿಸು, ಓಡಿಸು" ಎಂದಳು. ನಾನು ಸಾಲನ್ನು ತೋಳಿನ ಕಡೆ ತಿರುಗಿಸುವ ಹೊತ್ತಿಗೆ, "ತಿರುವಿನಲ್ಲಿ ನಿಧಾನ" ಎಂದಳು. ಎಡ ತೋಳಿನ ಹತ್ತಿರ ಗಡಿಬಿಡಿಯಾಯಿತು. ಸುಕ್ಕು ಬಂದಿದ್ದು ಅಲ್ಲಿ. ಬಿಚ್ಚಿ ಮತ್ತೆ ಹೊಲಿಯುವಷ್ಟು ವ್ಯವಧಾನ ನನಗಿರಲಿಲ್ಲ.

ಇಷ್ಟು ನಡೆದದ್ದು. ಅಮ್ಮನ ಹೊಲಿಗೆ ಎಂದು ನೀನು ಹಿಡಿದು ಅತ್ತದ್ದರಲ್ಲಿ ತೂತು ಮಾತ್ರ ಅವಳದು. ಇದನ್ನು ಓದಿ ನಿನಗೆ ಸಿಟ್ಟು ಬಂದರೆ ಬರಲಿ. ಕಣ್ಣಿಲ್ಲದ ತಾಯಿಗೆ ಮೋಸ ಮಾಡಿದಳು ಎಂದು ನೀನು ಹೇಳಿದರೆ ಹೇಳು. ನಾನೇ ನನಗೆ ಅದನ್ನು ದಿನಾ ಹೇಳಿ ನೋಡಿದ್ದೇನೆ. ಏನೂ ಆಗುವುದಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗೆ, ಚಿವುಟಿದ್ದು ಕಾಣುತ್ತದೆ, ಅಷ್ಟೇ.

ಇನ್ನು ನೀನು ಕೇಳಿದ ಆ ಒಂದು ಕಾರಣ. ಅದು ಓಡುತ್ತಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಹುಡುಕಿ ಹುಡುಕಿ ಸಿಕ್ಕಿದ್ದು ಇದೊಂದೇ. ಮಷೀನನ್ನು ಇಟ್ಟುಕೊಳ್ಳಲು ಇದು ಕಾರಣವಾಗುವುದಿಲ್ಲ ಎಂದು ನನಗೂ ಗೊತ್ತು. ತುಳಿಯುವವರಿಲ್ಲದ ಮಷೀನು ಸದ್ದು ಮಾಡುವುದಿಲ್ಲ. ಗುರುವಾರ ವ್ಯಾನಿನವನು ಬರುತ್ತಾನೆ, ಕಳಿಸುತ್ತಿದ್ದೇನೆ. ಪೆಡಲಿನ ಎಡಗಡೆ ಒಂದು ತಿರುಪು ಸಡಿಲವಿದೆ, ನೋಡಿಕೋ. ಭಾವನಿಗೆ ಕೇಳಿದೆನೆಂದು ಹೇಳು. ಗುಬ್ಬಿಗೆ ಫ್ರಾಕು ಗಿಡ್ಡವಾಗುತ್ತಿದ್ದರೆ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಮಡಿಸಿದೆ, ಬಿಚ್ಚಬಹುದು. ಅಲ್ಲಿ ಹೊಲಿಗೆ ಸಡಿಲವಾಗಿ ಹಾಕಿದ್ದೇನೆ.

ಇಂತು ನಿನ್ನ ತಂಗಿ,
ಚಿಕ್ಕೋಳು

ಮರೆತ ಮಾತು: ಬುಧವಾರ ಬರೆಯುತ್ತಿದ್ದೇನೆ. ಪತ್ರವನ್ನು ಇನ್ನೂ ಅಂಚೆಗೆ ಹಾಕಿಲ್ಲ. ದಾರಿಯಲ್ಲಿ ಗೀರು ಬೀಳದಿರಲಿ ಎಂದು ಮಷೀನಿಗೆ ದಪ್ಪ ಬಟ್ಟೆಯ ಹೊದಿಕೆಯೊಂದನ್ನು ಅದರಲ್ಲೇ ಹೊಲಿಯಲು ಕೂತಿದ್ದೆ. ಅರ್ಧಕ್ಕೆ ಬಾಬಿನ್ನು ಖಾಲಿಯಾಯಿತು. ಗೊತ್ತಾಗದೆ ಒಂದು ಮೊಳ ಹಾಗೇ ಹೊಲಿದಿದ್ದೆ. ಎಲ್ಲರೂ ಮಾಡುವುದೇ. ಬೇರೆ ಬಾಬಿನ್ನಿಗಾಗಿ ಡ್ರಾಯರು ಎಳೆದವಳು ಹಾಗೇ ನಿಂತೆ. ಎರಡು ಗಂಟೆ ಹೊಲಿದರೆ ಒಂದು ಬಾಬಿನ್ನಾದರೂ ಮುಗಿಯುತ್ತದೆ. ಹದಿನಾಲ್ಕು ತಿಂಗಳಲ್ಲಿ ಅಮ್ಮ ಒಮ್ಮೆಯೂ "ಚಿಕ್ಕೋಳೆ, ದಾರ" ಎನ್ನಲಿಲ್ಲ. ದಾರ ಎಳೆದ ಮೊದಲ ದಿನದಿಂದ ಒಮ್ಮೆಯೂ ಇಲ್ಲ. ಐವತ್ತು ವರ್ಷ ಹೊಲಿದವಳು. ಎಣ್ಣೆ ಹಾಕಿ ಸುಮ್ಮನೆ ಓಡಿಸುವ ಮಷೀನಿಗೆ ತಿರುವು ಎಲ್ಲಿಂದ ಬರುತ್ತದೆ, ಅಕ್ಕ?

ವ್ಯಾನಿನವನಿಗೆ ಬರಬೇಡ ಎಂದು ಹೇಳಿದ್ದೇನೆ. ನೀನೇ ಬಂದು ತೆಗೆದುಕೊಂಡು ಹೋಗು. ಹೋಗುವ ಮುಂಚೆ ಒಂದು ದಿನ ಎರಡರಿಂದ ನಾಲ್ಕರವರೆಗೆ ಕೂತು ಅದನ್ನು ತುಳಿ. ನಾನು ಪಕ್ಕದ ಕೋಣೆಯಲ್ಲಿ ಮಲಗಿರುತ್ತೇನೆ. ದಾರ ಹಾಕಬೇಕೆಂದಿಲ್ಲ.