ಅತ್ತೆ ಹಾಕಿದ ಹೊಗೆ

ಬಿಶ್ಕೆಕ್, ಜೂನ್ ೧೮

ಪ್ರೀತಿಯ ಬಕಾಸ್, ಮುನ್ನೂರು ಕುರಿಗಳ ಏಕೈಕ ಸರದಾರರೇ,

ಕ್ಷೇಮವೇ? ಕುರಿಗಳ ಕ್ಷೇಮವನ್ನು ಎರಡು ಪುಟ ಬರೆದಿದ್ದೀರಿ. ಮಗಳ ಕೆಮ್ಮು ಮಾತ್ರ ಕೊನೆಯ ಸಾಲಿನಲ್ಲಿ, ಅದೂ ಪೆನ್ಸಿಲ್ಲಿನಲ್ಲಿ. ಬೆಟ್ಟದ ಮೇಲಿನ ನಿಮ್ಮ ಗುಡಾರದ ಒಲೆಯ ಹೊಗೆಕೊಳವೆ ಸೀಳಿಹೋಗಿದೆ, ಒಳಗೆಲ್ಲ ಹೊಗೆ, ನಾಲ್ಕು ವರ್ಷದ ಕೂಸು ಬೇಗಾಯಿಂ ಹತ್ತು ದಿನದಿಂದ ಕೆಮ್ಮುತ್ತಿದ್ದಾಳೆ. ಅದಕ್ಕೆ ನಿಮ್ಮ ಸಮಾಧಾನ ನೋಡಿ: "ಹೊಗೆ ಒಳ್ಳೇದೇ ಬಿಡೇ, ರೋಗ ಓಡ್ಸತ್ತೆ, ಅಮ್ಮ ಹೇಳಿಲ್ವಾ?" ಹೇಳಿದ್ದಾರೆ, ನಿಜ. ಹೇಳಿದ್ದಷ್ಟೇ ಅಲ್ಲ, ನನ್ನ ಪ್ರಯೋಗಾಲಯಕ್ಕೇ ಬಂದು ಮಾಡಿಯೂ ತೋರಿಸಿದ್ದಾರೆ. ಆ ಘನಕಾರ್ಯದ ವರದಿ ಇದು.

ನನ್ನ ಕೆಲಸವನ್ನು ನಿಮಗೆ ಅರ್ಥವಾಗುವಂತೆ ನಾಯಿಗಳ ಲೆಕ್ಕದಲ್ಲಿ ಹೇಳುತ್ತೇನೆ. ಶ್ವಾಸಕೋಶದ ಜೀವಕೋಶಗಳೊಳಗೆ ಎರಡು ಕಿಣ್ವಗಳಿವೆ. ವೈರಾಣು ನುಗ್ಗಿದ್ದೇ ತಡ, ಒಂದು ಮೂಸಿ ಬೊಗಳುತ್ತದೆ. ಆ ಸದ್ದಿಗೆ ಇನ್ನೊಂದು ಎದ್ದು ವೈರಾಣುವಿನ ಎಳೆಯನ್ನು ಕಚ್ಚಿ ತುಂಡುತುಂಡು ಮಾಡುತ್ತದೆ. ಥೇಟ್ ನಿಮ್ಮ ಮಂದೆಯ ಜೋಡಿ ನಾಯಿಗಳು, ಇವು ಮಾಂಸ ಕದಿಯುವುದಿಲ್ಲ ಅಷ್ಟೇ. ಎರಡು ವರ್ಷದಿಂದ ಗಾಜಿನ ತಟ್ಟೆಗಳಲ್ಲಿ ಜೀವಕೋಶ ಸಾಕಿ, ನೆಗಡಿಯ ವೈರಾಣು ಬಿಟ್ಟು, ಈ ನಾಯಿಗಳ ಶೌರ್ಯ ಅಳೆಯುತ್ತಿದ್ದೇನೆ.

ಕಳೆದ ಸೋಮವಾರ ಕೊನೆಯ ಪ್ರಯೋಗ. ಬೆಳಿಗ್ಗೆಯೇ ನಿಮ್ಮ ತಾಯಿ, "ಇಷ್ಟು ದೊಡ್ಡ ಕೆಲಸ, ಹೊಗೆ ಹಾಕ್ದೇ ಶುರು ಮಾಡ್ತಾರೇನೇ? ದೃಷ್ಟಿ ತಾಗತ್ತೆ!" ಎಂದರು. ನಾನು ನಕ್ಕು ಹೊರಟೆ. ನಗಬಾರದಿತ್ತು. ನಾನು ಊಟಕ್ಕೆ ಹೋದ ಹೊತ್ತಿಗೆ ಅವರು ಕಾವಲುಗಾರನ ಕೈಗೆ ಒಂದು ಚೀಲ ಬೋರ್ಸೋಕ್, ಕರಿದ ಹಿಟ್ಟಿನ ತುಂಡು, ಇಟ್ಟು ಒಳಗೆ ನುಗ್ಗಿ, ಬಾಣಲೆಯಲ್ಲಿ ಅರ್ಚಾ ಸೊಪ್ಪು ಹೊತ್ತಿಸಿ, ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆಗೆದು, "ಕೆಟ್ಟ ಕಣ್ಣು ಹೋಗ್ಲಿ, ಕೇಡೆಲ್ಲ ಹೋಗ್ಲಿ" ಎಂದು ಮೂರು ಸುತ್ತು ಹೊಗೆ ತುಂಬಿಸಿದ್ದಾರೆ. ತೊಟ್ಟಿಲ ಕೂಸಿಗೂ ಯಾರೂ ಅಷ್ಟು ಅಕ್ಕರೆಯಿಂದ ಹಾಕಿರಲಿಕ್ಕಿಲ್ಲ.

ಇದೊಂದೂ ತಿಳಿಯದೆ ನಾನು ವೈರಾಣು ಬಿಟ್ಟೆ. ಎರಡು ದಿನ ಕಳೆದು ನೋಡಿದರೆ ಬೊಗಳುವ ನಾಯಿ ತೂಕಡಿಸುತ್ತಿದೆ, ಕಚ್ಚುವ ನಾಯಿ ಎದ್ದೇ ಇಲ್ಲ, ವೈರಾಣುಗಳು ಎಂದಿನ ಹತ್ತು ಪಟ್ಟು. ಅತ್ತೆ ತಪ್ಪೊಪ್ಪಿಕೊಂಡಾಗ ನಾನು ಕೂಗಾಡಲಿಲ್ಲ. ಸರಿ, ಸ್ವಲ್ಪ ಕೂಗಾಡಿದೆ. ಆಮೇಲೆ ಕೈಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಹೊಗೆ ಕುಡಿದ ತಟ್ಟೆ, ಪಕ್ಕದ ಪೆಟ್ಟಿಗೆಯಲ್ಲಿದ್ದು ಹೊಗೆ ತಪ್ಪಿಸಿಕೊಂಡ ತಟ್ಟೆ, ಎರಡನ್ನೂ ನೋಡಿದರು. ಒಂದರಲ್ಲಿ ಜೀವಕೋಶಗಳು ಸತ್ತು ಉದುರಿದ್ದವು, ಇನ್ನೊಂದರಲ್ಲಿ ಬಹುಪಾಲು ಹಾಗೇ ಇದ್ದವು. ಕೊನೆಗೆ ಕೇಳಿದ್ದು ಒಂದೇ: "ಅಲ್ಲಿ ಮಗು ಈಗ್ಲೂ ಹೊಗೇಲೇ ಮಲಗ್ತಾಳಾ?"

ಒಂದು ಎಡವಟ್ಟಿನಿಂದ ವಿಜ್ಞಾನ ಆಗುವುದಿಲ್ಲ. ಆದ್ದರಿಂದ ಮೊದಲಿನಿಂದ ಶುರು ಮಾಡಿದ್ದೇನೆ. ಈ ಸಲ ಅರ್ಧ ತಟ್ಟೆಗಳಿಗೆ ಅಳತೆ ಮಾಡಿದ ಹೊಗೆ, ಉಳಿದರ್ಧಕ್ಕೆ ಶುದ್ಧ ಗಾಳಿ. ನನ್ನ ಪ್ರಬಂಧ ಚಳಿಗಾಲಕ್ಕೆ ಹೋದರೆ ಹೋಗಲಿ, ನಾನು ಬಿಡುವವಳಲ್ಲ. ಆದರೆ ಬೇಗಾಯಿಂ ಎದೆ ನನ್ನ ಫಲಿತಾಂಶಕ್ಕಾಗಿ ಕಾಯಬೇಕಿಲ್ಲ.

ಕುರಿಗಳಿಗೆ ನಮಸ್ಕಾರ, ಮಗಳ ಎರಡೂ ಕೆನ್ನೆಗೆ ಮುತ್ತು, ಮಿಕ್ಕಿದ್ದು ನಿಮಗೆ.

ನಿಮ್ಮ
ಜಿಪಾರ

ಅವಸರದಲ್ಲಿ ಬಿಟ್ಟುಹೋದದ್ದು: ಈ ಪತ್ರ ತಂದವರು ಯಾರೆಂದು ನೋಡಿದಿರಲ್ಲ? ಹೊಸ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಲಾರಿಯಲ್ಲಿ ಎಂಟು ಗಂಟೆ ಕೂತು ಬಂದಿದ್ದಾರೆ. "ಹೊಗೆ ಒಳ್ಳೇದು ಅಂದೋಳು ನಾನು, ಅಲ್ಲ ಅಂತ ನಾನೇ ಹೋಗಿ ಹೇಳ್ಬೇಕು" ಎಂದರು. ಕೆಮ್ಮು ಹೆಚ್ಚಿದ್ದರೆ ಅದೇ ಲಾರಿಯಲ್ಲಿ ಮಗಳನ್ನು ಡಾಕ್ಟರ ಹತ್ತಿರ ಕಳಿಸಿ. ತಾಯಿಗೆ ಚಹಾ ಕುಡಿ ಎಂದು ಒತ್ತಾಯ ಮಾಡಬೇಡಿ. ನೀವು ಕೊಳವೆ ಕೂರಿಸುವವರೆಗೂ ಅವರು ಮುಟ್ಟುವುದಿಲ್ಲವಂತೆ.