ಅವ್ವನ ದವಡೆಯ ಬೆಳ್ಳಿ

ಶೇಖರಣ್ಣ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಗುಂಡ್ಲುಪೇಟೆಯ ನಿನ್ನ ಹಲ್ಲಿನ ಕ್ಲಿನಿಕ್ಕಿನ ಮುಂದೆ ಜನ ಕಿಕ್ಕಿರಿದಿರುವುದು ಬಸ್ಸಿನಿಂದಲೇ ಕಾಣುತ್ತದೆ.

ಮೊನ್ನೆ ಚಾಮರಾಜನಗರದಿಂದ ತೆರಕಣಾಂಬಿಗೆ ಹೋಗಿದ್ದೆ. ಅವ್ವ ಬಾಗಿಲಲ್ಲೇ ನಿಂತು ಹುರಿಗಡಲೆ ಅಗಿಯುತ್ತಿದ್ದಳು. ಎರಡು ವರ್ಷ ಮುದ್ದೆ ನುಂಗಿಕೊಂಡೇ ದಿನ ದೂಡಿದವಳು! "ನಿಮ್ ದೊಡ್ಡಪ್ಪನ ಮಗ ದವಡೆ ಮೂಳೆಗೆ ಅದೇನೋ ಬೆಳ್ಳಿ ಪುಡಿ ತುಂಬಿ ಹಲ್ಲು ನಿಲ್ಸವ್ನೆ ಕಣಮ್ಮಿ. ನಿಂಗೆ ಆಮೇಲೆ ಹೇಳನ ಅಂತಿದ್ದೆ" ಎಂದಳು.

ಆ ಪುಡಿ ನನಗೆ ಗೊತ್ತಿಲ್ಲವೇ? ಮೈಸೂರಿನ ಕಾಲೇಜಿನ ಲ್ಯಾಬಿನಲ್ಲಿ ನೀನು ಮಾಡಿದ್ದು, ನಾನು ಪರೀಕ್ಷಿಸಿದ್ದು. ಕೂದಲ ದಪ್ಪದ ಸಾವಿರದಲ್ಲೊಂದು ಪಾಲಿನ ಕಣಗಳು. ಮೂಳೆ ಬೆಳೆಯಲು ಸುಣ್ಣದಂಥ ಅಂಶ, ಕೀವಾಗದಿರಲೆಂದು ಬೆಳ್ಳಿ. ಇಲಿಗಳ ದವಡೆಯಲ್ಲಿ ಮೂಳೆ ಚೆನ್ನಾಗಿಯೇ ತುಂಬಿತು, ಸುಳ್ಳು ಹೇಳಲಾರೆ. ಆದರೆ ನಾಲ್ಕು ಇಲಿಗಳ ಲಿವರಿನಲ್ಲಿ ಕಪ್ಪು ಚುಕ್ಕೆ ಕಂಡು ನಿನ್ನ ಬಳಿ ಓಡಿಬಂದೆ. ದವಡೆಯಲ್ಲಿಟ್ಟಿದ್ದು ಅಲ್ಲಿಗೆ ಹೇಗೆ ಹೋಯಿತು, ಇನ್ನಷ್ಟು ದಿನ ನೋಡೋಣ ಎಂದೆ. "ಮೂಳೆ ಕೇಳುದ್ರೆ ಲಿವರ್ ತೋರಿಸ್ತೀಯಲ್ಲಮ್ಮಿ, ಬುಡು" ಎಂದು ನೀನು ನಕ್ಕುಬಿಟ್ಟೆ. ಅಣ್ಣನ ಮಾತು ಮೀರುವುದುಂಟೇ? ವರದಿಯಲ್ಲಿ ಆ ನಾಲ್ಕನ್ನು ಬಿಟ್ಟು ಸಹಿ ಹಾಕಿದೆ.

ಅವ್ವನೂ ಸಹಿ ಹಾಕಿದ್ದಾಳೆ. ಒಪ್ಪಿಗೆಯ ಕಾಗದ ಎರಡು ಪುಟ, ಪೂರ್ತಿ ಇಂಗ್ಲಿಷು; ಇದಿನ್ನೂ ಪ್ರಯೋಗ ಎಂಬ ಮಾತು ಅದರೊಳಗೇ ಇದೆ. ಓದಿಸಿಕೊಳ್ಳಬಾರದಿತ್ತೇ ಎಂದರೆ ನನ್ನ ಮೇಲೇ ರೇಗಿದಳು: "ಮನೆ ಮಗನ ಮುಂದೆ ಕಾಗ್ದ ಓದುಸ್ಕಂಡು ಕೂತ್ಕಂಡ್ರೆ ಅವನ್ಗೆ ಎಂಗಾಗ್ಬೇಡ?" ನಂಬಿದವರನ್ನೇ ಹುಡುಕಿಕೊಂಡೆಯಲ್ಲ, ಶೇಖರಣ್ಣ. ಪ್ರಶ್ನೆ ಕೇಳುವ ಒಬ್ಬರ ಬಾಯಿಗೆ ಮೊದಲು ಆ ಪುಡಿ ಹಾಕಬೇಕಿತ್ತು.

ಅವಳಿಗೆ ಈಗ ಏನೂ ಆಗಿಲ್ಲ. ಮುಂದೆಯೂ ಆಗದಿರಬಹುದು. ಆಗುತ್ತದೆನ್ನಲು ನನ್ನ ಬಳಿ ಪುರಾವೆಯಿಲ್ಲ, ಆಗುವುದಿಲ್ಲವೆನ್ನಲು ನಿನ್ನ ಬಳಿಯೂ ಇಲ್ಲ. ಹೊಸ ಹಲ್ಲು ತೋರಿಸಿ ಅವಳು ನಕ್ಕಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಆ ನಾಲ್ಕು ಇಲಿಗಳ ಲಿವರಿನ ಸ್ಲೈಡುಗಳನ್ನು ಇವತ್ತು ಕಾಲೇಜಿನ ಸಂಶೋಧನಾ ನೀತಿ ಸಮಿತಿಗೆ ಕಳಿಸಿದ್ದೇನೆ. ಮುಚ್ಚಿಟ್ಟವರಲ್ಲಿ ನನ್ನ ಹೆಸರನ್ನೂ ಬರೆದಿದ್ದೇನೆ. ಸೋಮವಾರ ಮನೆಗೆ ಬಾ. ನಿನಗೆಂದು ಅವ್ವ ಒಬ್ಬಟ್ಟು ಮಾಡುತ್ತಾಳಂತೆ. ಎಲೆ ಹಾಕುವ ಮೊದಲು ಅವಳೆದುರು ಕೂತು ಆ ಕಾಗದವನ್ನು ಕನ್ನಡದಲ್ಲಿ ಓದು. ನಾಲ್ಕು ಇಲಿಗಳ ವಿಷಯ ನಾನು ಹೇಳುತ್ತೇನೆ. ಆಮೇಲೂ ಅವಳು ಬಡಿಸಿದರೆ ಉಣ್ಣು.

ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ; ಓದುವಾಗ ಮಾತ್ರ ನಿನ್ನ ದನಿ ನಡುಗಲಿ.

ನಿನ್ನ ತಂಗಿ,
ಪವಿತ್ರ