ತಾಯಿ ಕಾರ್ಡ್ ವಾಪಸ್ ಕೊಡಿ

ಕಿಗ್ಗ
ಭಾನುವಾರ

ಸಾಲದ ಕಂತು ವಸೂಲಿಗೆ ಬರುವ ಲೋಹಿತಣ್ಣನವರಿಗೆ,

ನಿಮ್ಮ ಬಲಗೈಯ ಹೊಲಿಗೆ ಒಣಗುತ್ತಿದೆ ಅಂತ ಶೃಂಗೇರಿಯಿಂದ ಬಂದವರು ಹೇಳಿದರು. ಸಿಪ್ಪೆಯ ಮೇಲೆ ಕಾಲು ಜಾರಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಬಿದ್ದೆ ಅಂತ ಡಾಕ್ಟರ ಹತ್ತಿರ ಹೇಳಿದಿರಂತೆ. ಯಾರಾದರೂ ಕೇಳಿದರೆ ನಾನೂ ಹಾಗೇ ಹೇಳುತ್ತೇನೆ. ಬಸುರಿ ಹೆಂಗಸು ಕೈ ಹಿಡಿದು ಕತ್ತಿಗೆ ಎಳೆದಳು ಅಂದರೆ ಮರ್ಯಾದೆ ಹೋಗುವುದು ನಿಮ್ಮದೇ.

ನೀವು ಕಂತಿಗೆ ಬಂದ ಆ ವಾರದ ಕೂಲಿ ಸ್ಕ್ಯಾನಿಂಗಿಗೆ ಹೋಗಿತ್ತು. ಮುಂದಿನ ವಾರ ಎರಡೂ ಕಂತು ಸೇರಿಸಿ ಕೊಡುತ್ತೇನೆ ಅಂದೆ. ನೀವು ಬೈದಿರಿ, ನಾನು ಜಗಲಿಯಲ್ಲಿ ಸುಲಿಯುತ್ತಾ ಕೂತಿದ್ದೆ. ಜುಟ್ಟು ಹಿಡಿದು ಎಬ್ಬಿಸಿದಿರಿ. ಮುಂಗೈ ತಿರುಚಿದಿರಿ, ಸೀಮಂತಕ್ಕೆ ತೊಡಿಸಿದ ಹಸಿರು ಬಳೆಯೆಲ್ಲ ಪುಡಿಯಾಯಿತು. ಆಗಲೂ ಸುಮ್ಮನಿದ್ದೆ ಮಾರಾಯ್ರೆ. ಹೊಟ್ಟೆಗೆ ಒದೆಯಲು ಕಾಲೆತ್ತಿದಿರಿ ನೋಡಿ, ಅಲ್ಲಿಗೆ ಮುಗಿಯಿತು. ಒಂಟಿಕಾಲಲ್ಲಿ ನಿಂತವರನ್ನು ಎಳೆದು ಬೀಳಿಸಲು ಹೆಚ್ಚು ಬಲವೇನೂ ಬೇಡ.

ಈಗ ಕೆಲಸದ ಮಾತು. ಅವತ್ತು ಹೋಗುವಾಗ ನೀವು ಕಿತ್ತುಕೊಂಡು ಹೋದ ನನ್ನ ಚೀಲದಲ್ಲಿ ತಾಯಿ ಕಾರ್ಡ್ ಇದೆ. ಹೆರಿಗೆಗೆ ಕೊಪ್ಪದ ಆಸ್ಪತ್ರೆಗೆ ಹೋಗುವಾಗ ಅದು ಬೇಕು. ಮಂಗಳವಾರ ತಂದುಕೊಡಿ. ಎರಡೂ ಕಂತು ತೆಗೆದಿಟ್ಟಿದ್ದೇನೆ, ಸಾಲ ನಾನು ಮುಳುಗಿಸುವವಳಲ್ಲ. ಬೇರೆಯವರನ್ನು ಕಳಿಸಬೇಡಿ, ನೀವೇ ಬನ್ನಿ. ನಾನು ಅದೇ ಜಗಲಿಯಲ್ಲಿ ಸುಲಿಯುತ್ತಾ ಕೂತಿರುತ್ತೇನೆ. ಕತ್ತಿ ತೊಳೆದು, ಮಸೆದು, ಅದೇ ಜಾಗದಲ್ಲಿ ಇಟ್ಟಿದ್ದೇನೆ.

ರಸೀದಿ ಪುಸ್ತಕ ಮರೆಯಬೇಡಿ. ಸಹಿ ಎಡಗೈಯಲ್ಲಿ ಹಾಕಿದರೂ ನಡೆಯುತ್ತದೆ.

ಇತಿ,
ಸುಗುಣ